ಕೇಕಿನ ಪೆನ್ನು, ಕಾರಿನ ಕಣ್ಣು

ಗಾಳಿಯಲ್ಲಿ ಏನಾದರೂ ತೆಳ್ಳಗೆ ತೇಲುತ್ತಿದ್ದರೆ ಸಾಕು, ನಾನು ಕೈಯಲ್ಲಿದ್ದ ಕೆಲಸ ಮರೆತು ನಿಂತುಬಿಡುತ್ತೇನೆ. ಇದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಏಳುವ ಆವಿ, ಚಾದರ ಕೊಡವಿದಾಗ ಕಿಟಕಿಯ ಬಿಸಿಲಿನಲ್ಲಿ ಕುಣಿಯುವ ಧೂಳು, ಜರಡಿಯಿಂದ ಉದುರುವ ಮೈದಾ, ಲೋಬಾನದ ಹೊಗೆ, ಇವುಗಳಲ್ಲಿ ಯಾವುದು ಕಂಡರೂ ಕಣ್ಣು ಅಲ್ಲಿಗೆ ಅಂಟಿಕೊಳ್ಳುತ್ತದೆ, ಮನಸ್ಸು ಅಲ್ಲಿಂದ ಮುಂದೆ ಎಲ್ಲಿಗೋ ಹೊರಟುಬಿಡುತ್ತದೆ. ಯಾವಾಗ ವಾಪಸು ಬರುತ್ತೇನೆ ಎಂದು ನನಗೂ ಹೇಳಿ ಹೋಗುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆ ಇದನ್ನು ನಾಚಿಕೆ ಎಂದುಕೊಂಡಿದ್ದರಂತೆ. ಆಮೇಲೆ, ಪಾಪ, ಕಿವಿ ಮಂದ ಇರಬೇಕು ಅಂದುಕೊಂಡರು. ಕೊನೆಗೆ ಒಂದು ದಿನ ಹಾಲು ಉಕ್ಕಿ, ಒಲೆ ಆರಿ, ಅಡುಗೆಮನೆಯೆಲ್ಲ ಸೀದ ವಾಸನೆ ತುಂಬಿದರೂ ನಾನು ಅದೇ ಪಾತ್ರೆಯ ಮುಂದೆ ನಿಂತು ಮುಗುಳ್ನಗುತ್ತಿದ್ದುದನ್ನು ಕಂಡು, ಹುಡುಗಿ ಒಳ್ಳೆಯವಳೇ, ಆದರೆ ಮನೆಯಲ್ಲಿ ಇರುವುದು ಕಡಿಮೆ ಎಂದು ಮಗನಿಗೆ ತೀರ್ಪು ಹೇಳಿದರಂತೆ.

ಇಂಥವಳು ಮನೆಯಲ್ಲೇ ಕೇಕು ಮಾಡಿ ಮಾರುವ ಕೆಲಸ ಹಿಡಿದದ್ದು ನನ್ನ ಅದೃಷ್ಟವೋ ಗಿರಾಕಿಗಳ ಅದೃಷ್ಟವೋ ಗೊತ್ತಿಲ್ಲ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಓವನ್, ಒಂದು ಫ್ರಿಜ್ಜು, ಒಂದು ತಿರುಗುವ ಮಣೆ. ಅಷ್ಟರಲ್ಲೇ ಎಷ್ಟೋ ಜನರ ಹುಟ್ಟುಹಬ್ಬ, ನಾಮಕರಣ, ರಿಟೈರ್‌ಮೆಂಟುಗಳನ್ನು ನಾನು ದಾಟಿಸಿದ್ದೇನೆ. ಕೆಲಸ ಚೆನ್ನಾಗಿ ಸಾಗುತ್ತಿದ್ದಾಗ ಫೋನಿನಲ್ಲಿ ಏರ್‌ಬ್ರಷ್ ಎಂಬ ವಸ್ತುವಿನ ಜಾಹೀರಾತು ಕಂಡಿತು. ದಪ್ಪ ಪೆನ್ನಿನ ಹಾಗಿರುತ್ತದೆ. ಬೆನ್ನ ಮೇಲೆ ಬೆರಳ ತುದಿ ಮುಳುಗುವಷ್ಟು ಚಿಕ್ಕ ಬಟ್ಟಲು, ಹಿಂದುಗಡೆ ಒಂದು ಪೈಪು, ಪೈಪಿನ ಆ ತುದಿಗೆ ಗುಂಯ್ ಎನ್ನುವ ಪುಟ್ಟ ಪಂಪು. ಬಟ್ಟಲಿಗೆ ಬಣ್ಣ ಹಾಕಿ ಗುಂಡಿ ಒತ್ತಿದರೆ ಬಣ್ಣ ಮಂಜಾಗಿ ಹೊರಗೆ ಬರುತ್ತದೆ. ಒಳ್ಳೆಯ ಕಂಪನಿಯದ್ದು ನೋಡಿದರೆ ಎದೆ ಒಡೆಯುವ ಬೆಲೆ. ಹಬ್ಬದ ಆಫರಿನಲ್ಲಿ ಹೆಸರೇ ಓದಲಾಗದ ಒಂದು ಕಂಪನಿಯದ್ದು ಅಗ್ಗಕ್ಕೆ ಸಿಕ್ಕಿತು. ತರಿಸಿದೆ. ಗಾಳಿಯಲ್ಲಿ ತೆಳ್ಳಗೆ ತೇಲುವುದನ್ನು ಕಂಡರೆ ಕರಗಿಹೋಗುವವಳ ಕೈಗೆ ಅಂಥದ್ದನ್ನೇ ಉಗುಳುವ ಯಂತ್ರ ಬಂದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಆದದ್ದು ಇಷ್ಟು. ನನ್ನ ಕೇಕುಗಳ ಮೇಲೆಲ್ಲ ಸಂಜೆಯಾಗತೊಡಗಿತು. ಕೆಂಪು ಗುಲಾಬಿ ಬೇಕು ಎಂದವರಿಗೂ ಸಂಜೆ, ಹಸಿರು ಕ್ರಿಕೆಟ್ ಮೈದಾನ ಬೇಕು ಎಂದವರಿಗೂ ಸಂಜೆ. ಕಿತ್ತಳೆಯಿಂದ ಗುಲಾಬಿಗೆ, ಗುಲಾಬಿಯಿಂದ ನೇರಳೆಗೆ ಮಂಜು ಸರಿಯುತ್ತಾ ಹೋಗುವಾಗ ಕೈ ತಾನಾಗಿ ಅದೇ ದಾರಿ ಹಿಡಿಯುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಚಿಕ್ಕವಳಿದ್ದಾಗ ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದರೆ ಕಾರ್ಖಾನೆಯ ಕಡೆಯ ಆಕಾಶದಲ್ಲಿ ಹೊಗೆಯೂ ಬಿಸಿಲೂ ಕಲಸಿಕೊಂಡು ನಿಂತಿರುತ್ತಿದ್ದವು. ಅಮ್ಮ ಕೆಳಗಿನಿಂದ ಹೆಸರು ಹಿಡಿದು ಕೂಗಿ ಕೂಗಿ ಸಾಕಾಗಿ, ಕೊನೆಗೆ ತಾನೇ ಮೇಲೆ ಬಂದು ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದಳು. ಆ ಆಕಾಶವೇ ಕೇಕಿನ ಮೇಲೆ ಇಳಿಯುತ್ತಿದೆ ಎಂದು ಗಿರಾಕಿಗಳಿಗೆ ಹೇಳಲಾಗುತ್ತದೆಯೇ? ಕಾಲೇಜಿನ ಮೇಷ್ಟ್ರೊಬ್ಬರು ತಮ್ಮ ಮೊಮ್ಮಗನ ಕೇಕು ಒಯ್ಯುವಾಗ ಬಹಳ ಹೊತ್ತು ಅದನ್ನೇ ನೋಡಿ, ಆನೆ ಹೇಳಿದ್ದೆವಲ್ಲಮ್ಮಾ, ಆನೆ ಆಗಲೇ ಮಲಗೋಕೆ ಹೋಯ್ತಾ ಎಂದು ಮೆತ್ತಗೆ ಕೇಳಿದ್ದರು.

ಅಗ್ಗದ ಪೆನ್ನು ಅಗ್ಗದ ಬುದ್ಧಿಯನ್ನು ಬಹಳ ದಿನ ಮುಚ್ಚಿಡಲಿಲ್ಲ. ಮಂಜು ಬಿಡುವುದನ್ನು ಬಿಟ್ಟು ಹನಿಹನಿಯಾಗಿ ಉಗುಳತೊಡಗಿತು. ಇನ್ನೊಂದು, ಸ್ವಲ್ಪ ಮೇಲಿನ ದರ್ಜೆಯದ್ದನ್ನು ತರಿಸಿ, ಹಳೆಯದನ್ನು ಎಸೆಯಲು ಮನಸ್ಸು ಬಾರದೆ ಕಪಾಟಿನ ಮೇಲಕ್ಕೆ ಇಟ್ಟೆ. ತೊಳೆದು ಇಟ್ಟೆನೋ ಇಲ್ಲವೋ ಎಂಬುದರ ಕಡೆ ಆಗ ಗಮನವಿರಲಿಲ್ಲ.

ಇನ್ನು ನಮ್ಮ ಕಾರಿನ ವಿಷಯ. ಅದು ನಮ್ಮ ಕೈಗೆ ಬರುವ ಮೊದಲೇ ಒಬ್ಬರ ಮನೆಯಲ್ಲಿ ಅರ್ಧ ಆಯುಸ್ಸು ಕಳೆದ ಬಿಳಿ ಕಾರು. ಕಂಪನಿಯವರು ಆ ಮಾದರಿಯನ್ನು ಮಾಡುವುದನ್ನೇ ನಿಲ್ಲಿಸಿದ್ದಾರೆ. ನಮ್ಮವರು, ಎಂದರೆ ನನ್ನ ಗಂಡ ಇರ್ಫಾನ್, ಪೇಟೆಯಲ್ಲಿ ವಾಹನದ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ಅಂಗಡಿಗೆ ಸ್ಕೂಟರಿನಲ್ಲೇ ಹೋಗಿ ಬರುವುದರಿಂದ ಕಾರು ಹೆಚ್ಚಾಗಿ ನನ್ನ ಕೈಯಲ್ಲೇ ಇರುತ್ತದೆ. ಕೇಕುಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಿವಮೊಗ್ಗದ ಗಲ್ಲಿಗಳನ್ನೂ, ಭದ್ರಾವತಿಯ ದಾರಿಯನ್ನೂ ನಾನು ಸುತ್ತುತ್ತೇನೆ. ಒಂದು ಗುಟ್ಟು ಹೇಳುತ್ತೇನೆ. ಭದ್ರಾವತಿಯ ಆರ್ಡರುಗಳೆಂದರೆ ನನಗೆ ಪ್ರಾಣ. ಸಂಜೆ ಕೇಕು ಕೊಟ್ಟು, ಹೊತ್ತು ಮುಳುಗುವಾಗ ಒಬ್ಬಳೇ ವಾಪಸು ಬರುವಾಗ ಅಕ್ಕಪಕ್ಕದ ಗದ್ದೆಯ ಮೇಲೆ ತೆಳುವಾದ ಮಂಜು ಎದ್ದಿರುತ್ತದೆ. ಶಿವಮೊಗ್ಗದ ಅಂಚಿನ ಮಲವಗೊಪ್ಪ ಬರುವವರೆಗೆ ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ. ಉಪ್ಪು ಎಲ್ಲಿದೆ ಎಂದು ಕೇಳುವುದಿಲ್ಲ. ಕಾರಿನ ವೇಗ ತಾನಾಗಿ ಇಳಿಯುತ್ತದೆ. ಹಿಂದಿನ ಲಾರಿಯವರು ಹಾರ್ನ್ ಬಾರಿಸಿ ಬೈದುಕೊಂಡು ಮುಂದೆ ಹೋಗುತ್ತಾರೆ. ನನಗೆ ಬೇಜಾರಿಲ್ಲ. ಅವರಿಗೆ ಊರು ಸೇರಬೇಕು, ನನಗೆ ಆ ದಾರಿಯೇ ಊರು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಹೆಡ್‌ಲೈಟಿನ ಕಡೆಯಿಂದ. ಬಿಸಿಲಿಗೆ ಸುಟ್ಟು ಸುಟ್ಟು ಅದರ ಪ್ಲಾಸ್ಟಿಕ್ಕು ಹಳದಿಯಾಗಿ, ಆಮೇಲೆ ಮಸುಕಾಗಿ, ಕೊನೆಗೆ ಹಳೆಯ ತುಪ್ಪದ ಬಾಟಲಿಯ ಹಾಗಾಗಿತ್ತು. ದಿನಾ ನೋಡುವ ಮುಖ ಯಾವಾಗ ಮುದಿಯಾಯಿತೆಂದು ಮನೆಯವರಿಗೆ ಗೊತ್ತಾಗುವುದಿಲ್ಲವಲ್ಲ, ಹಾಗೆ ನನಗೆ ಗೊತ್ತಾಗಲಿಲ್ಲ. ದಾರಿ ಸ್ವಲ್ಪ ಮಬ್ಬಾಗಿ ಕಂಡಾಗ ಅದನ್ನೂ ಮಂಜಿನ ಲೆಕ್ಕಕ್ಕೆ ಸೇರಿಸಿ ಖುಷಿಪಟ್ಟಿದ್ದೆ. ಒಂದು ಸಂಜೆ ನಮ್ಮವರು ಎದುರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದಾಗ ನಮ್ಮ ಕಾರು ಗೇಟಿನ ಹತ್ತಿರ ತಿರುಗಿತು. ಲೈಟು ಹಾಕಿದ್ದೇನೆಂದು ನಾನು, ಹಾಕಿಲ್ಲವೆಂದು ಅವರು. ಇಳಿದು ನೋಡಿದರೆ ಲೈಟು ಉರಿಯುತ್ತಲೇ ಇತ್ತು, ಹೊರಗೆ ಕಾಣುತ್ತಿರಲಿಲ್ಲ ಅಷ್ಟೆ. ಅವರು ಕೂಗಾಡುವ ಜಾತಿಯಲ್ಲ. ಹೊಸ ಲೈಟು ಆರ್ಡರ್ ಕೊಡ್ತೀನಿ, ಹಳೇ ಮಾದರಿ, ಯಾವಾಗ ಬರುತ್ತೋ ಗೊತ್ತಿಲ್ಲ, ಬರೋವರೆಗೆ ಕತ್ತಲಾದ ಮೇಲೆ ಕಾರು ತೆಗೀಬೇಡ ಎಂದು ಸಣ್ಣ ದನಿಯಲ್ಲಿ ಹೇಳಿ ಒಳಗೆ ಹೋದರು. ಕೂಗಾಡಿದ್ದರೆ ತಿರುಗಿ ಕೂಗಾಡಬಹುದಿತ್ತು. ಸಣ್ಣ ದನಿಗೆ ನಾನು ಹೋಗಿ ಲೈಟು ಆರಿಸಿ ಬಂದೆ.

ಅದೇ ಹೊತ್ತಿಗೆ ಸರಿಯಾಗಿ ಸೆಲ್ವಿ ಅಕ್ಕನ ಫೋನು ಬಂತು. ಸೆಲ್ವಿ ಅಕ್ಕ ಓಲ್ಡ್ ಟೌನಿನಲ್ಲಿ ನಮ್ಮ ಹಳೆಯ ಮನೆಯ ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟವಳು. ನನ್ನ ಸ್ಕೂಲ್ ಯೂನಿಫಾರ್ಮಿನಿಂದ ಮದುವೆಯ ಬಟ್ಟೆಯವರೆಗೆ ಎಲ್ಲ ಅವಳ ಕತ್ತರಿಯಿಂದಲೇ ಬಂದದ್ದು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ನನ್ನ ಹತ್ತಿರ ಎರಡೂ. ಅವಳ ಒಬ್ಬಳೇ ಮಗಳಿಗೆ ಎಂಗೇಜ್‌ಮೆಂಟ್. ಭಾನುವಾರ ಸಂಜೆ ದೀಪ ಹಚ್ಚಿದ ಮೇಲೆ ಶಾಸ್ತ್ರ, ಆಮೇಲೆ ಕೇಕು. ನಾನು ಯಾರ ಕೈಯಲ್ಲಾದರೂ ಕಳಿಸುತ್ತೇನೆ ಎನ್ನಲು ಬಾಯಿ ತೆಗೆಯುವಷ್ಟರಲ್ಲಿ ಅವಳು ಎಂದಿನ ತಮಿಳು ಮುದ್ದಿನ ‘ಕಣ್ಣು’ ಸೇರಿಸಿ, "ನೀನೇ ತಗೊಂಡು ಬರಬೇಕು ಕಣ್ಣು. ಅವಳಿಗೆ ಅಪ್ಪ ಇಲ್ಲ. ನನ್ನ ಕಡೆಯಿಂದ ಮುಂದೆ ನಿಂತ್ಕೊಳ್ಳೋಕೆ ಯಾರಾದ್ರೂ ಬೇಡ್ವಾ?" ಅಂದಳು. ಬೇಡ ಅನ್ನಲಾಗಲಿಲ್ಲ. ಬರ್ತೀನಿ ಅಕ್ಕಾ ಅಂದುಬಿಟ್ಟೆ.

ನಮ್ಮವರಿಗೆ ಹೇಳಿದೆ. ಗೊತ್ತಿರುವ ಟ್ಯಾಕ್ಸಿಯವರನ್ನು ಮಾಡಿಕೊಡ್ತೀನಿ ಅಂದರು. ಹಿಂದೊಮ್ಮೆ ಒಬ್ಬ ಟ್ಯಾಕ್ಸಿಯವರು ಒಯ್ದ ಎರಡಂತಸ್ತಿನ ಕೇಕು ಒಂದಂತಸ್ತಾಗಿ ತಲುಪಿದ್ದನ್ನು ನೆನಪಿಸಿದೆ. ನನಗೆ ಕೇಕಿಗಿಂತ ದೊಡ್ಡ ಸಂಕಟ ಬೇರೆ ಇತ್ತು. ಈ ಸಲ ಟ್ಯಾಕ್ಸಿಯಲ್ಲಿ ಹೋದರೆ, ಹೊಸ ಲೈಟು ಬಂದ ಮೇಲೂ ಅದೇ ಅಭ್ಯಾಸವಾಗಿಬಿಡುತ್ತದೆ, ಹೊತ್ತು ಮುಳುಗುವಾಗಿನ ನನ್ನ ದಾರಿ ಸದ್ದಿಲ್ಲದೆ ಮುಚ್ಚಿಹೋಗುತ್ತದೆ ಎಂಬ ಭಯ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಗದ್ದೆ ಮೇಲಿನ ಮಂಜು ನೋಡಬೇಕು ಎಂದರೆ ಬಿಡಿಭಾಗ ಮಾರುವವರಿಗೆ ಅರ್ಥವಾಗುತ್ತದೆಯೇ ಎಂದು ನನ್ನ ಅನುಮಾನ.

ಅವತ್ತು ಮಧ್ಯಾಹ್ನ ಫೋನಿನಲ್ಲಿ ಹುಡುಕುತ್ತಾ ಹೋದೆ. ಮಬ್ಬಾದ ಹೆಡ್‌ಲೈಟನ್ನು ಉಜ್ಜಿ, ಅದಕ್ಕೆಂದೇ ಬರುವ ಒಂದು ಪಾರದರ್ಶಕ ಲೇಪವನ್ನು ಮಂಜಿನ ಹಾಗೆ ಹೊಡೆದರೆ ಹೊಸದರಂತಾಗುತ್ತದೆಯಂತೆ. ಬಿಸಿಲಿಗೂ ಬೇಗ ಹಳದಿಯಾಗುವುದಿಲ್ಲವಂತೆ. ಮಂಜಿನ ಹಾಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಎದ್ದು ಕುರ್ಚಿ ಹತ್ತಿ ಕಪಾಟಿನ ಮೇಲಿಂದ ಹಳೆಯ ಪೆನ್ನನ್ನು ಇಳಿಸಿದೆ. ಒಮ್ಮೆ ಕಾರಿನ ಲೇಪ ಕುಡಿದರೆ ಇನ್ನು ಅದು ಕೇಕಿನ ಹತ್ತಿರ ಸುಳಿಯುವ ಹಾಗಿಲ್ಲ. ಹಾಗಾಗಿ ಅದರ ಬಾಲಕ್ಕೆ ಕೆಂಪು ದಾರ ಕಟ್ಟಿ ಮನೆಯ ಹೊರಗೆ ವರ್ಗ ಮಾಡಿದೆ. ರಾತ್ರಿ ಊಟಕ್ಕೆ ಕೂತಾಗ ಆ ಲೇಪ ನಿಮ್ಮ ಅಂಗಡಿಯಲ್ಲಿ ಸಿಗುತ್ತದಾ ಎಂದು ಕೇಳಿದೆ. ನಮ್ಮವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ಅತ್ತೆಯೂ ನೋಡಿದರು. ಕೇಕಿಗಾ ಎಂದು ಅತ್ತೆ ಕೇಳಿದರು. ಮರುದಿನ ಸಂಜೆ ಫ್ರಿಜ್ಜಿನ ಮೇಲೆ ಒಂದು ಡಬ್ಬಿ ಲೇಪ, ಬೇರೆ ಬೇರೆ ನುಣುಪಿನ ವಾಟರ್ ಪೇಪರು ಎಂಬ ಉಜ್ಜುಕಾಗದ, ಮಾಸ್ಕಿಂಗ್ ಟೇಪು, ಮೂಗು ಬಾಯಿ ಮುಚ್ಚುವ ದಪ್ಪ ಮಾಸ್ಕು ಎಲ್ಲ ಬಂದು ಕೂತಿದ್ದವು. ಒಂದು ಮಾತಿಲ್ಲ. ಇದು ಪ್ರೋತ್ಸಾಹವೋ, ಹೇಗೂ ಕೆಡಿಸುತ್ತಾಳೆ, ಕೆಡಿಸಲಿ ಎಂಬ ವೈರಾಗ್ಯವೋ ತಿಳಿಯಲಿಲ್ಲ. ನಾನು ಎರಡನೆಯದೇ ಇರಬೇಕೆಂದುಕೊಂಡು, ಅದೇ ಸಿಟ್ಟಿನಲ್ಲಿ ಕೆಲಸಕ್ಕೆ ಶಕ್ತಿ ತಂದುಕೊಂಡೆ.

ಆ ವಾರ ನನ್ನ ಮಧ್ಯಾಹ್ನಗಳೆಲ್ಲ ಕಾರಿನ ಮುಂದೆ ಕಳೆದವು. ನಮಾಜು ಮುಗಿಸಿ ಅತ್ತೆ ಮಲಗಿದ ಮೇಲೆ ನಾನು ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ತಂದು ಕಾರಿನ ಮುಖಕ್ಕೆ ಮುಖ ಕೊಟ್ಟು ಕೂರುವುದು. ಲೈಟಿನ ಸುತ್ತ ಟೇಪು ಅಂಟಿಸಿ, ನೀರು ಹಾಕಿ ಹಾಕಿ ವಾಟರ್ ಪೇಪರಿನಿಂದ ಉಜ್ಜುವುದು. ಮೊದಲು ಹಳದಿ ನೀರು ಇಳಿಯುತ್ತದೆ, ಆಮೇಲೆ ಗಂಜಿಯಂಥ ಬಿಳಿ ನೀರು. ಉಜ್ಜಿದಷ್ಟೂ ಲೈಟು ಕಾಣುವುದು ಹೋಗಿ ಇನ್ನೂ ಮಬ್ಬಾಗುತ್ತಿತ್ತು. ಮೊದಲು ತುಪ್ಪದ ಬಾಟಲಿಯ ಹಾಗಿದ್ದದ್ದು ಈಗ ಬಚ್ಚಲಿನ ಕಿಟಕಿಯ ಗಾಜಿನ ಹಾಗಾಗಿತ್ತು. ಹಾಗೇ ಆಗಬೇಕು, ಲೇಪ ಬಿದ್ದ ಮೇಲೆ ತಿಳಿಯಾಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ, ಕೈ ದುಂಡಗೆ ದುಂಡಗೆ ತಿರುಗಿಸುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಕೈಗೆ ಅದರದೇ ಒಂದು ತಾಳ ಸಿಕ್ಕಿತು. ಬೀದಿ ನಿದ್ದೆ ಮಾಡುತ್ತಿತ್ತು. ಎದುರುಮನೆಯವರ ಕಾಂಪೌಂಡಿನ ಮೇಲೆ ಬೆಕ್ಕು ನಿದ್ದೆ ಮಾಡುತ್ತಿತ್ತು. ನಾನು ಎಚ್ಚರವಾಗಿದ್ದೆನೆಂದು ಖಂಡಿತವಾಗಿ ಹೇಳಲಾರೆ. ಭದ್ರಾ ಹೊಳೆಯ ಸೇತುವೆಯ ಮೇಲೆ ನಿಂತಿದ್ದೆ, ತಾರಸಿಯ ಮೇಲಿದ್ದೆ, ಸೆಲ್ವಿ ಅಕ್ಕನ ಅಂಗಡಿಯಲ್ಲಿ ಬಟ್ಟೆಯ ತುಣುಕುಗಳ ರಾಶಿಯೊಳಗೆ ಕೂತು ಮೆಷಿನ್ನಿನ ಸದ್ದು ಕೇಳುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ಎದ್ದು ಬಂದು ಎಷ್ಟು ಹೊತ್ತು ನೋಡುತ್ತಿದ್ದರೋ, "ಮಾರಾಯ್ತಿ, ನೀನು ಉಜ್ಜುತ್ತಾ ಇರೋದು ಬಾನೆಟ್ಟು" ಎಂದರು. ನೋಡಿದರೆ ಹೌದು. ಲೈಟಿನ ಗಡಿ ದಾಟಿ ಅಂಗೈಯಗಲ ಬಾನೆಟ್ಟಿನ ಬಣ್ಣವನ್ನೂ ನುಣ್ಣಗೆ ಉಜ್ಜಿಟ್ಟಿದ್ದೆ. ಆ ಜಾಗವನ್ನು ಇವತ್ತಿಗೂ ನಾನು ಯಾರಿಗೂ ವಿವರಿಸಿಲ್ಲ.

ಶುಕ್ರವಾರ ಲೇಪ ಹೊಡೆಯುವ ದಿನ. ಲೈಟುಗಳನ್ನು ಒರೆಸಿ, ಕಾರಿನ ಮುಖಕ್ಕೆಲ್ಲ ಹಳೆಯ ಪೇಪರು ಹೊದಿಸಿ, ಮಾಸ್ಕು ಕಟ್ಟಿಕೊಂಡು, ಪಂಪಿನ ವೈರನ್ನು ಕಿಟಕಿಯಿಂದ ಎಳೆದು ನಿಂತೆ. ಗುಂಡಿ ಒತ್ತಿದೆ. ಮೊದಲು ಒಂದೆರಡು ಬಾರಿ ಕೆಮ್ಮಿದ ಪೆನ್ನು, ಲೇಪಕ್ಕೆ ಒಳಗಿನ ಕಟ್ಟು ಕರಗಿತೋ ಏನೋ, ಆಮೇಲೆ ಸುಯ್ಯೆಂದು ಉಸಿರು ಬಿಟ್ಟಿತು. ಪಡುವಣ ಬಿಸಿಲು ಗೇಟಿನ ಸಂದಿಯಿಂದ ಬರುತ್ತಿತ್ತು. ಲೇಪದ ಮಂಜು ಆ ಬಿಸಿಲಿನೊಳಗೆ ಹೊಕ್ಕಾಗ ಅದರಲ್ಲಿ ಬಣ್ಣಗಳು ಮೂಡಿ ಮಾಯವಾದವು. ಅದಕ್ಕಿಂತ ಹೆಚ್ಚಿನದು ಲೈಟಿನ ಮೇಲೆ ನಡೆಯುತ್ತಿತ್ತು. ಮಂಜು ತಾಗಿದ ಕಡೆಯೆಲ್ಲ ಆ ಬಿಳಿ ಮಬ್ಬು ಸದ್ದಿಲ್ಲದೆ ಕರಗಿ, ಒಳಗಿನ ಬಲ್ಬು, ಅದರ ಹಿಂದಿನ ಬೆಳ್ಳಿಯ ಬಟ್ಟಲು, ಬಟ್ಟಲಿನಲ್ಲಿ ತಲೆಕೆಳಗಾದ ನಮ್ಮ ಗೇಟು, ಗೇಟಿನ ಮುಂದೆ ಮಾಸ್ಕು ಹಾಕಿದ ನಾನು, ಒಂದೊಂದಾಗಿ ಕಾಣಿಸಿಕೊಳ್ಳುತ್ತಾ ಬಂದವು. ಅಷ್ಟು ವರ್ಷ ಕೇಕು ಮಾಡಿದರೂ ನನ್ನ ಕೈಯಿಂದ ಇಂಥದ್ದೊಂದು ಆದದ್ದಿಲ್ಲ. ಕಣ್ಣು ಒದ್ದೆಯಾಯಿತು. ಲೇಪದ ಘಾಟು ಇರಬೇಕು ಎಂದು ಆಮೇಲೆ ಅತ್ತೆಗೆ ಹೇಳಿದೆ.

ಆದರೆ ಆ ಪೆನ್ನಿನಿಂದ ಹೆಡ್‌ಲೈಟಿಗೆ ಲೇಪ ಹೊಡೆಯುವುದೆಂದರೆ ಮದುವೆಮನೆಯವರಿಗೆಲ್ಲ ಚಹಾ ಚಮಚದಲ್ಲಿ ಬಿರಿಯಾನಿ ಬಡಿಸಿದ ಹಾಗೆ. ಬಟ್ಟಲು ತುಂಬಿಸುವುದು, ಎರಡು ಗೀಟು ಹೊಡೆಯುವುದು, ಮತ್ತೆ ತುಂಬಿಸುವುದು. ನಡುವೆ ಪಂಪು ಬಿಸಿಯಾಗಿ ಮುನಿಸಿಕೊಂಡು ನಿಲ್ಲುತ್ತದೆ. ಅದಕ್ಕೆ ಬೀಸಣಿಗೆಯಿಂದ ಗಾಳಿ ಹಾಕಿ ಸಮಾಧಾನ ಮಾಡಬೇಕು. ಹಾಗೆ ಗಾಳಿ ಹಾಕುತ್ತಾ ಎಡಗಡೆಯ ಲೈಟನ್ನು ನೋಡುತ್ತಿದ್ದಾಗ ಅದರ ಮೇಲೆ ಏನೋ ಹೊಳೆಯಿತು. ಬಿಸಿಲಿನ ಆಟ ಅಂದುಕೊಂಡೆ. ಮೋಡ ಬಂದು ಬಿಸಿಲು ಹೋಯಿತು, ಹೊಳಪು ಹೋಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಲೇಪದ ಒಳಗೆ ಹಿಟ್ಟಿನಷ್ಟು ಸಣ್ಣ ಹೊಂಬಣ್ಣದ ಕಣಗಳು. ಕೊನೆಯ ಸಲ ಆ ಪೆನ್ನಿನಲ್ಲಿ ಯಾರದೋ ಮದುವೆ ವಾರ್ಷಿಕೋತ್ಸವದ ಕೇಕಿಗೆ ಬಂಗಾರದ ಮಿಂಚುಪುಡಿ ಹೊಡೆದಿದ್ದೆ. ಬಟ್ಟಲು ತೊಳೆಯದೆ ಮೇಲಿಟ್ಟಿದ್ದೆ. ಬಾಲಕ್ಕೆ ದಾರ ಕಟ್ಟುವಾಗ ನೆನಪಾದ ಎಚ್ಚರಿಕೆ ಅದರ ಬಟ್ಟಲಿಗೆ ಲೇಪ ಸುರಿಯುವಾಗ ನೆನಪಾಗಿರಲಿಲ್ಲ. ಬಲಗಡೆಗೆ ಹೋಗುವಷ್ಟರಲ್ಲಿ ಬಂಗಾರವೆಲ್ಲ ಖಾಲಿಯಾಗಿ ಅದು ಮಾತ್ರ ನೀರಿನ ಹಾಗೆ ತಿಳಿಯಾಗಿ ಬಂತು. ನಾನು ಅದರ ಅಂದಕ್ಕೆ ಮರುಳಾಗಿ ನಿಂತಿದ್ದಾಗ ಒಂದು ಸಣ್ಣ ಹುಳ ಬಂದು ಹಸಿ ಲೇಪದ ಮೇಲೆ ಕೂತು, ಅಲ್ಲೇ ಕಾಯಂ ಆಯಿತು. ಅತ್ತೆ ಹೊರಗೆ ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, ಒಂದು ಕಣ್ಣಿಗೆ ಮಾತ್ರ ಅಲಂಕಾರ ಮಾಡಿ ಬಿಟ್ಟಿದ್ದೀಯಲ್ಲ, ಇನ್ನೊಂದು ಕಣ್ಣು ಏನು ತಪ್ಪು ಮಾಡಿತ್ತು ಎಂದು ಕೇಳಿದರು.

ಶನಿವಾರ ಸಂಜೆ ಪರೀಕ್ಷೆ. ನಮ್ಮವರು ಅಂಗಡಿಯಿಂದ ಬಂದವರು ಸ್ಕೂಟರಿನಿಂದ ಇಳಿಯದೆ ಕಾರಿನ ಮುಖ ನೋಡುತ್ತಾ ಕೂತರು. ನಾನು ಒಳಗೆ ಕೂತು ಲೈಟು ಹಾಕಿದೆ. ಎದುರಿನ ಕಾಂಪೌಂಡಿನ ಮೇಲೆ ಎರಡು ಬೆಳಕು ಬಿದ್ದವು. ಬಲಗಡೆಯದು ಬೆಳ್ಳಗೆ, ಸ್ಪಷ್ಟವಾಗಿ, ನಡುವೆ ಒಂದು ಹುಳದ ನೆರಳು. ಎಡಗಡೆಯದು ಅಷ್ಟೇ ಪ್ರಕಾಶ, ಆದರೆ ಅಂಚಿನಲ್ಲಿ ಜೇನಿನ ಬಣ್ಣ. ನಗುತ್ತಾರೆ ಎಂದು ಕಾದೆ. ಅವರು ನಗಲಿಲ್ಲ. ಇಳಿದು ಬಂದು ಎರಡು ಲೈಟಿನ ಮೇಲೂ ಬೆರಳ ಹಿಂಭಾಗದಿಂದ ಮೆಲ್ಲಗೆ ಸವರಿದರು. ಕಾರನ್ನು ಬೀದಿಯುದ್ದಕ್ಕೆ ತಿರುಗಿಸಲು ಹೇಳಿ, ಬೆಳಕು ಎಲ್ಲಿಯವರೆಗೆ ಬೀಳುತ್ತದೆಂದು ಬೀದಿಯ ಕೊನೆಯವರೆಗೆ ನಡೆದು ಹೋಗಿ ಅಲ್ಲಿಂದ ತಿರುಗಿ ನೋಡಿದರು. ವಾಪಸು ಬಂದು, "ಹೋಗಬಹುದು. ಚೆನ್ನಾಗಿ ಕಾಣುತ್ತೆ. ಆದ್ರೆ ನಾನೂ ಬರ್ತೀನಿ, ಕೇಕು ಹಿಡ್ಕೊಳ್ಳೋಕೆ" ಅಂದರು. ಭಾನುವಾರ ಸಂಜೆ ಅಂಗಡಿ ಮುಚ್ಚುತ್ತೀರಾ ಎಂದು ಕೇಳಿದೆ. ಮುಚ್ಚಿದರಾಯಿತು ಎಂದರು. ನನ್ನ ಒಂಟಿ ದಾರಿಯ ಕನಸಿನೊಳಗೆ ಹೀಗೆ ಒಬ್ಬ ಪ್ರಯಾಣಿಕರು ಟಿಕೆಟಿಲ್ಲದೆ ಹತ್ತಿದರು.

ಭಾನುವಾರ ಅವರು ಮಡಿಲಲ್ಲಿ ಕೇಕಿನ ಡಬ್ಬಿ ಇಟ್ಟುಕೊಂಡು, ಹಸುಗೂಸನ್ನು ಮೊದಲ ಸಲ ಎತ್ತಿಕೊಂಡವರ ಹಾಗೆ ಮೊಣಕೈ ಅಲ್ಲಾಡಿಸದೆ ಭದ್ರಾವತಿಯವರೆಗೆ ಕೂತಿದ್ದರು. ಪ್ರತಿ ಹಂಪು ಬಂದಾಗಲೂ ಉಸಿರು ಹಿಡಿಯುತ್ತಿದ್ದರು. ಕೇಕಿನ ಮೇಲೆ ಏನಿತ್ತೆಂದು ಹೇಳಬೇಕಾಗಿಲ್ಲ. ಸೆಲ್ವಿ ಅಕ್ಕ ಮಲ್ಲಿಗೆ ಕೇಳಿದ್ದಳು. ಸಂಜೆಯ ಆಕಾಶದ ಕೆಳಗೆ ಮಲ್ಲಿಗೆಯನ್ನೂ ಇಟ್ಟಿದ್ದೆ. ಅವಳು ಮುಚ್ಚಳ ತೆಗೆದು ನೋಡಿ, ಇದು ನಮ್ಮ ತಾರಸಿ ಅಲ್ವಾ ಎಂದಳು. ಗುರುತು ಹಿಡಿದವಳು ಅವಳೊಬ್ಬಳೇ. ಮಗಳ ಪಕ್ಕದಲ್ಲಿ ಒಂದು ಕಡೆ ಅವಳು, ಇನ್ನೊಂದು ಕಡೆ ನಾನು ನಿಂತೆವು. ಗಂಡಿನ ಕಡೆಯ ಹಿರಿಯರೊಬ್ಬರು ನಾನು ಯಾರೆಂದು ಕೇಳಿದಾಗ ಸೆಲ್ವಿ ಅಕ್ಕ ಯೋಚನೆ ಮಾಡದೆ, "ನಮ್ಮ ದೊಡ್ಡ ಹುಡುಗಿ" ಎಂದಳು. ನಾನು ತಲೆ ತಗ್ಗಿಸಿ ಕೇಕಿನ ಮೇಲಿನ ಮಲ್ಲಿಗೆಯನ್ನೇ ನೋಡುತ್ತಿದ್ದೆ. ಹಿಂದಿನ ಸಾಲಿನಲ್ಲಿ ನಮ್ಮವರು, ಖಾಲಿ ಡಬ್ಬಿಯನ್ನು ಇನ್ನೂ ಎರಡು ಕೈಯಲ್ಲಿ ಜೋಪಾನವಾಗಿ ಹಿಡಿದು ನಿಂತಿದ್ದರು.

ವಾಪಸು ಬರುವಾಗ ಕತ್ತಲಾಗಿತ್ತು. ಊರು ದಾಟಿದ ಮೇಲೆ ರಸ್ತೆಯ ಮೇಲೆ ಸಣ್ಣ ಮಂಜಿತ್ತು. ಎಡಗಡೆಯ ಲೈಟು ಅದರೊಳಗೆ ಹೊಕ್ಕು ಅಂಚಿನಲ್ಲೆಲ್ಲ ಹೊಂಬಣ್ಣ ಚೆಲ್ಲುತ್ತಿತ್ತು. ನಾವಿಬ್ಬರೇ ಕಾರಿನಲ್ಲಿ ಕೂತು ಎಷ್ಟು ಕಾಲವಾಗಿತ್ತು ಎಂದು ಲೆಕ್ಕ ಹಾಕಲು ನೋಡಿದೆ, ಸಿಗಲಿಲ್ಲ. ಆಗ ಅವರು ಮುಂದಿನ ಗಾಜಿನ ಕಡೆಗೇ ನೋಡುತ್ತಾ, "ಹೊಸ ಲೈಟು ಬಂದಿದೆ ನಸೀಮಾ. ಅಂಗಡಿಯಲ್ಲೇ ಇದೆ" ಅಂದರು. ಯಾವಾಗ ಬಂತು ಅಂದೆ. ನೀನು ಉಜ್ಜೋಕೆ ಶುರು ಮಾಡಿದ ಮರುದಿನವೇ ಬಂತು ಅಂದರು.

ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ನನ್ನ ಮಣಿಕಟ್ಟು ಇನ್ನೂ ನೋಯುತ್ತಿತ್ತು. ಬೆರಳ ತುದಿಗಳಲ್ಲಿ ರೇಖೆಗಳು ಅಳಿಸಿಹೋಗಿದ್ದವು. ಬಾನೆಟ್ಟಿನ ಮೇಲೆ ಅಂಗೈಯಗಲ ಬಣ್ಣ ಹೋಗಿತ್ತು. ಇಷ್ಟೆಲ್ಲ ಆಗುವಾಗ ಬಾಯಿ ಬಿಡದೆ ಕೂತಿದ್ದಿರಾ ಎಂದು ಕೇಳುವ ಮೊದಲು ಅವರೇ ಹೇಳಿದರು. "ಹೇಳೋಣ ಅಂತಲೇ ಮಧ್ಯಾಹ್ನ ಮನೆಗೆ ಬಂದೆ. ನೀನು ಸ್ಟೂಲಿನ ಮೇಲೆ ಕೂತು ಉಜ್ಜುತ್ತಾ ಏನೋ ಹಾಡ್ಕೊಳ್ತಾ ಇದ್ದೆ. ನೀನು ಹಾಡ್ತೀಯ ಅಂತ ನಂಗೆ ಗೊತ್ತೇ ಇರಲಿಲ್ಲ. ಗೇಟಿನ ಹತ್ರ ಸ್ವಲ್ಪ ಹೊತ್ತು ನಿಂತು ವಾಪಸು ಹೋದೆ. ಮರುದಿನಾನೂ ಬಂದೆ."

ಹಾಡುತ್ತಿದ್ದೆನೆಂದು ನನಗೂ ಗೊತ್ತಿರಲಿಲ್ಲ. ಯಾವ ಹಾಡು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸಿಟ್ಟು ಹುಡುಕಿದೆ, ಸಿಗಲಿಲ್ಲ. ನಿಂತ ಕಾರಿನ ಮುಂದೆ ಮಂಜು ನಮ್ಮ ಬೆಳಕಿನೊಳಗೆ ಬಂದು, ಸುತ್ತಿ, ಹೋಗುತ್ತಿತ್ತು. ನಾನು ಮೊದಲ ಸಲ ಆ ದಾರಿಯ ಗುಟ್ಟನ್ನು ಅವರಿಗೆ ಹೇಳಿದೆ. ಇಲ್ಲಿ ಯಾರೂ ನನ್ನ ಹೆಸರು ಕರೆಯುವುದಿಲ್ಲ, ಅದಕ್ಕೇ ನನಗೆ ಈ ದಾರಿ ಬೇಕು ಎಂದೆ. ಅವರು ಬಹಳ ಗಂಭೀರವಾಗಿ ಕೇಳಿಸಿಕೊಂಡರು. ಬಿಡಿಭಾಗ ಮಾರುವವರ ಬಗ್ಗೆ ನಾನಿಟ್ಟುಕೊಂಡಿದ್ದ ಅನುಮಾನಕ್ಕೆ ನನಗೇ ನಾಚಿಕೆಯಾಗುವಷ್ಟು ಗಂಭೀರವಾಗಿ. ಆಮೇಲೆ, "ಹಾಗಾದ್ರೆ ನಾನು ಸುಮ್ಮನಿರ್ತೀನಿ, ನೀನು ನೋಡ್ಕೊಂಡು ಹೋಗು" ಅಂದರು. ಕಾರು ಹೊರಟಿತು. ಅವರು ಮಾತು ಉಳಿಸಿಕೊಂಡರು. ಎದುರಿಗೆ ಬಂದ ಲಾರಿಯೊಂದರ ಎಂಜಿನ್ ಸದ್ದು ಅವರ ಕಿವಿಗೆ ಬೀಳುವವರೆಗೆ. ಅದರ ಕ್ಲಚ್ ಪ್ಲೇಟು ಹೋಗಿದೆ ಎಂಬಲ್ಲಿಂದ ಶುರುವಾದದ್ದು ಹೊಸಮನೆಯ ತಿರುವಿನವರೆಗೆ ನಿಲ್ಲಲಿಲ್ಲ.

ಹೊಸ ಲೈಟು ಹಾಕಿಸಲು ನಾನು ಒಪ್ಪಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಅದಾದ ಮೇಲೆ ಭದ್ರಾವತಿಯ ಆರ್ಡರು ಬಂದಾಗಲೆಲ್ಲ ಅವರು ಅಂಗಡಿ ಬೇಗ ಮುಚ್ಚಿ ಬಂದು ಮಡಿಲು ಸಿದ್ಧ ಮಾಡಿಕೊಂಡು ಕೂರುತ್ತಾರೆ. ಹೋಗುವಾಗ ಕೇಕಿನ ಭಯದಿಂದ ಬಾಯಿ ಮುಚ್ಚಿರುತ್ತದೆ. ಬರುವಾಗ ಮಡಿಲು ಖಾಲಿ, ಮಾತು ತುಂಬಿ ಹರಿಯುತ್ತದೆ. ಬೇರಿಂಗು, ಗ್ಯಾಸ್ಕೆಟ್ಟು, ಯಾವ ಗಿರಾಕಿ ಯಾವ ಬೋಲ್ಟು ಕೇಳಿ ಯಾವುದು ಒಯ್ದ ಎಂಬುದು. ನಾನು ರಸ್ತೆಯ ಮೇಲೆ ಕಣ್ಣಿಟ್ಟು, ಕಿವಿಯನ್ನು ಗದ್ದೆಯ ಕಡೆ ಬಿಟ್ಟು, ನಡುನಡುವೆ ಹೌ, ಹೌ ಎನ್ನುತ್ತೇನೆ. ನಮ್ಮ ಮನೆಮಾತಾದ ದಖನಿಯಲ್ಲಿ ಹೌ ಎಂದರೆ ಹೌದು. ಚಿಕ್ಕ ಮಾತು. ಉಸಿರಿನ ಜೊತೆ ತಾನಾಗಿ ಹೋಗಿಬಿಡುತ್ತದೆ.

ಹೋದ ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಗಲಾಟೆ ಕೇಳಿ ಹೊರಗೆ ಬಂದೆ. ಗೇಟಿನ ಮುಂದೆ ಹಳದಿ ಕಣ್ಣಿನ ಕಾರುಗಳು ಸಾಲಾಗಿ ನಿಂತಿದ್ದವು, ಕೊನೆಯಲ್ಲಿ ಒಂದು ಆಟೋ. ಅವುಗಳ ಯಜಮಾನರು ನಮ್ಮ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅತ್ತೆ ಎಲ್ಲರಿಗೂ ಚಹಾ ಕೊಡುತ್ತಾ, ನಮ್ಮ ಸೊಸೆಯ ಕೈ ಬಹಳ ಹಗುರ, ಸ್ವಲ್ಪ ಹೊತ್ತು ಹಿಡಿಯುತ್ತೆ ಅಷ್ಟೆ ಎಂದು ವಿವರಿಸುತ್ತಿದ್ದರು. ನಮ್ಮವರನ್ನು ಪಕ್ಕಕ್ಕೆ ಕರೆದು ಇದೇನು ಎಂದೆ. ಅವರಿಗೆ ನನಗಿಂತ ಆಶ್ಚರ್ಯ. "ನಿನ್ನನ್ನ ಕೇಳೇ ತಾನೆ ಅವರಿಗೆ ಹೇಳಿದ್ದು? ಹೊಸ ಲೈಟು ಸಿಗದೇ ಇರೋರಿಗೆಲ್ಲ ಭಾನುವಾರ ಮಾಡಿಕೊಡ್ತೀಯಾ ಅಂದೆ. ಮೊನ್ನೆ ವಾಪಸು ಬರುವಾಗ, ಮಲವಗೊಪ್ಪದ ಹತ್ರ. ಎರಡು ಸಲ ಕೇಳಿದೆ, ಎರಡು ಸಲಾನೂ ನೀನು ಹೌ ಅಂದೆ."

ಸ್ಟೂಲು ತರಲು ಒಳಗೆ ಹೋಗುತ್ತಾ, ಆ ಸಂಜೆ ಮಲವಗೊಪ್ಪದ ಹತ್ತಿರ ನಾನು ಯಾವ ಲೋಕದಲ್ಲಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ. ಚೆನ್ನಾಗಿಯೇ ನೆನಪಾಯಿತು. ಇವರು ಎಷ್ಟು ಬದಲಾಗಿದ್ದಾರೆ, ಇವತ್ತು ದಾರಿಯುದ್ದಕ್ಕೂ ಒಂದೇ ಒಂದು ಮಾತಾಡದೆ ನನ್ನ ಪಕ್ಕದಲ್ಲಿ ಸುಮ್ಮನೆ ಕೂತು ಬಂದರಲ್ಲ ಎಂದು ನಾನು ಖುಷಿಪಡುತ್ತಿದ್ದೆ.